ಕೋಟೆ ಕಂಡವರ ಕಣ್ಣೀರು

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಆಗತಾನೆ ಎಂ.ಎ. ಮುಗಿಸಿ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಲು ಸೇರಿದ್ದೆ. ಮೊದಲ ವರ್ಷದ ಬಿ.ಎ. ತರಗತಿಗೆ ‘ನಾನು ಕಂಡ ಐತಿಹಾಸಿಕ ಸ್ಥಳ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದೆ. ಬಂದ ನಲವತ್ತರಲ್ಲಿ ಮೂವತ್ತು ಹಂಪೆಯನ್ನು ಕುರಿತವು. ಹಂಪೆಯನ್ನು ಕಂಡವರೆಲ್ಲರೂ ಅದನ್ನು ಒಂದೇ ಬಗೆಯಾಗಿ ಕಂಡಿದ್ದರು. ಎಲ್ಲರ ಬರಹದಲ್ಲಿಯೂ ಕಲ್ಲುಗಳು ಕಥೆ ಹೇಳಿದವು. ಗತವೈಭವ ಕಣ್ಣ ಮುಂದೆ ಸುಳಿಯಿತು. ಕಾಲಪುರುಷನ ಕ್ರೌರ್ಯಕ್ಕೆ ಎದೆ ಮರುಗಿತು. ಅವರಲ್ಲಿ ಅರ್ಧದಷ್ಟು ಜನ ಹೊಸಪೇಟೆಯ ಹಾದಿಯನ್ನೇ ತುಳಿದವರಲ್ಲವೆಂದು ಆಮೇಲೆ ತಿಳಿಯಿತು. ಆದರೂ ಒಳ್ಳೆಯ ಅಂಕಗಳನ್ನೇ ಕೊಟ್ಟೆ. ಭಾಷೆ ಶುದ್ಧವಾಗಿತ್ತು, ‘ಭಾವ’ವಿತ್ತು.

ಒಬ್ಬ ಮಾತ್ರ ಬೇರೆ ಬರೆದಿದ್ದ. ಆಳಂದ ತಾಲ್ಲೂಕಿನ ಭೂಸನೂರ ಅವನ ಊರು. ಅವನ ಸೋದರಮಾವನ ಹೊಲ ಫಿರೋಜಾಬಾದಿನ ಕೋಟೆಯೊಳಗೆ ಇತ್ತು. ಹರಗುವಾಗ ನೇಗಿಲಿಗೆ ಹಳೆಯ ಗಚ್ಚು ತಾಗಿ ಕುಳ ಮೊಂಡಾಗುವುದು, ಮಾವ ಬೈಯುತ್ತ ಆ ಗಚ್ಚಿನ ತುಂಡನ್ನು ಬದುವಿಗೆ ಎಸೆಯುವುದು, ಬದು ವರ್ಷ ವರ್ಷಕ್ಕೂ ಎತ್ತರವಾಗುವುದು: ಇಷ್ಟೇ ಅವನ ಪ್ರಬಂಧ. ಸುಲ್ತಾನನ ಹೆಸರಿಲ್ಲ, ಒಂದು ಹನಿ ಕಣ್ಣೀರಿಲ್ಲ. ‘ವಿಷಯದ ಗಾಂಭೀರ್ಯ ಸಾಲದು’ ಎಂದು ಕೆಂಪು ಶಾಯಿಯಲ್ಲಿ ಬರೆದು ಇಪ್ಪತ್ತಕ್ಕೆ ಏಳು ಕೊಟ್ಟೆ.

ಕಳೆದ ಚಳಿಗಾಲದಲ್ಲಿ ಆ ಹುಡುಗ, ಈಗ ಶಾಲೆಯ ಮಾಸ್ತರ, ಭೂಸನೂರಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ನನ್ನನ್ನು ಕರೆದ. ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ಹೋಗುವ, ಕಣ್ಣು ಹಾಯುವವರೆಗೂ ತೊಗರಿ ಜೋಳ ಬೆಳೆಯುವ ಎರೆಭೂಮಿ ಅದು. ಆಳಂದದ ಸೀಮೆಯಲ್ಲಿ ಹರಿಯುವ ಅಮರ್ಜಾ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಭೀಮೆಯ ಜಾಡು ಹಿಡಿದು ಕೆಳಗೆ ಹೋದರೆ ಫಿರೋಜಾಬಾದು. ಇನ್ನೂ ಕೆಳಗೆ ಸನ್ನತಿ. ನಡುವೆ ಬಂದು ಸೇರುವ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ. ಇಷ್ಟು ಸಣ್ಣ ಸೀಮೆಯಲ್ಲಿ ಅಶೋಕನ ಶಾಸನವೂ ರಾಷ್ಟ್ರಕೂಟರ ರಾಜಧಾನಿಯೂ ಬಹಮನಿ ಸುಲ್ತಾನನ ಅರಮನೆಯ ನಗರವೂ ಇವೆ. ನಮ್ಮ ಪ್ರವಾಸ ಸಾಹಿತ್ಯದಲ್ಲಿ ಇವುಗಳಿಗೆ ಸಿಕ್ಕ ಜಾಗ, ನಾನು ಓದಿದ ಮಟ್ಟಿಗೆ, ಅತ್ಯಲ್ಪ.

ಮರುದಿನ ಮಾಸ್ತರ ನನ್ನನ್ನು ಫಿರೋಜಾಬಾದಿಗೆ ಕರೆದುಕೊಂಡು ಹೋದ. 1400ರ ಸುಮಾರಿಗೆ ಫಿರೋಜ್ ಶಹಾ ಬಹಮನಿ ಕಟ್ಟಿಸಿದ ಊರು. ಪಡುವಣಕ್ಕೆ ಹೊಳೆ, ಉಳಿದ ಮೂರು ಕಡೆ ಕಲ್ಲಿನ ಗೋಡೆ. ಒಳಗೆ ದೊಡ್ಡದೊಂದು ಜಾಮಿ ಮಸೀದಿಯ ಅವಶೇಷ, ಅಲ್ಲಲ್ಲಿ ಗುಮ್ಮಟ, ಕಮಾನು. ಇವುಗಳ ನಡುವೆಲ್ಲ ಹೊಲ. ತೊಗರಿ ಕಾಯಿ ಕಟ್ಟಿತ್ತು. ಮಾವನಿಗೆ ಈಗ ಎಪ್ಪತ್ತು ದಾಟಿದೆ. “ಕೋಟಿ ನೋಡ್ಲಾಕ ಬಂದೀರೇನ್ರಿ ಸಾಹೇಬ್ರ? ಕೋಟಿ ಏನ್ ನೋಡ್ತೀರಿ, ತೊಗರಿ ನೋಡ್ರಿ. ಈ ಸಲ ಭಾಳ ಚಲೋ ಅದ” ಎಂದರು. ಬದು ನನ್ನ ಎದೆಯೆತ್ತರಕ್ಕೆ ಬಂದಿತ್ತು. ಅದರಲ್ಲಿ ಮಣ್ಣಿಗಿಂತ ಗಚ್ಚೇ ಹೆಚ್ಚು. ಹುಡುಗ ಬರೆದದ್ದರಲ್ಲಿ ಒಂದಕ್ಷರವೂ ಹುಸಿಯಾಗಿರಲಿಲ್ಲ.

ಆ ಬದುವಿನ ಬಳಿ ನಿಂತಾಗ ನನಗೆ ಹೊಳೆದದ್ದನ್ನು ಓದುಗರ ಮುಂದಿಡಬೇಕೆನಿಸಿತು. ಕೋಟೆ ಕೊತ್ತಲಗಳನ್ನು ಕುರಿತ ನಮ್ಮ ಗದ್ಯಕ್ಕೆ ಒಂದು ರೋಗ ತಗಲಿದೆ. ಕಾಣುವ ಮೊದಲೇ ಅಳುವುದು ಆ ರೋಗ.

ಈ ಕಣ್ಣೀರನ್ನು ಲಘುವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಅದಕ್ಕೂ ಒಂದು ಕಾಲದಲ್ಲಿ ಕೆಲಸವಿತ್ತು. ಆಲೂರ ವೆಂಕಟರಾಯರು 1905ರಲ್ಲಿ ಹಂಪೆಗೆ ಹೋದರು. ಅಲ್ಲಿ ಅವರಿಗೆ ಕರ್ನಾಟಕದ ದರ್ಶನವಾಯಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಹೊರಬಂದಿತು. ಆಗ ಕನ್ನಡನಾಡು ಹಲವು ಆಡಳಿತಗಳ ಕೈಯಲ್ಲಿ ಹರಿದು ಹಂಚಿಹೋಗಿತ್ತು. ಈ ಕಲಬುರಗಿ ಸೀಮೆ ನಿಜಾಮನ ವಶದಲ್ಲಿತ್ತು. ಇಲ್ಲದ ನಾಡನ್ನು ಕಟ್ಟಬೇಕಾದವರು ಇದ್ದ ನಾಡಿನ ನೆನಪಿಗೆ ಅತ್ತರು. ಆ ಅಳು ಜನರನ್ನು ಎಬ್ಬಿಸಿತು. 1956ರಲ್ಲಿ ನಾಡು ಒಂದಾಯಿತು. ಕೆಲಸ ಮುಗಿಯಿತು; ಕಣ್ಣೀರು ಮಾತ್ರ ನಿಲ್ಲಲಿಲ್ಲ. ಸಂಕಟದಿಂದ ಹುಟ್ಟಿದ್ದು ಸಂಪ್ರದಾಯವಾಯಿತು, ಸಂಪ್ರದಾಯವು ಪರೀಕ್ಷೆಯ ಉತ್ತರವಾಯಿತು. ಅದಕ್ಕೆ ಅಂಕ ಕೊಟ್ಟವರಲ್ಲಿ ನಾನೂ ಒಬ್ಬ.

ಈ ರೂಢಿಯ ಅಳುವಿನಲ್ಲಿ ಎರಡು ದೋಷಗಳುಂಟು. ಮೊದಲನೆಯದು, ಅದು ಆರಿಸಿಕೊಂಡು ಅಳುತ್ತದೆ. ನಮ್ಮವೆಂದು ನಾವು ಎಣಿಸಿದ ಅರಸುಮನೆತನಗಳ ಹಾಳಿಗೆ ಧಾರಾಕಾರ. ಫಿರೋಜಾಬಾದಿನಂಥ ಹಾಳಿಗೆ ಮೌನ. ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಎಂಬ ಇಬ್ಬರು ವಿದ್ವಾಂಸರು ಈ ಒಂದು ಊರನ್ನು ಕುರಿತೇ ಇಂಗ್ಲಿಷಿನಲ್ಲಿ ಇಡೀ ಗ್ರಂಥ ಬರೆದರು. ಅದು 1992ರಲ್ಲಿ ಪ್ರಕಟವಾಯಿತು. ಕಲಬುರಗಿ–ಜೇವರ್ಗಿ ರಸ್ತೆಯಲ್ಲಿ ದಿನವೂ ಬಸ್ಸಿನಲ್ಲಿ ಹೋಗುವ ನಾವು ಕಿಟಕಿಯಿಂದ ಕತ್ತು ಹೊರಳಿಸಿದ್ದೂ ಕಡಮೆ. ಯಾರು ಆಳಿದರೇನು, ಕಲ್ಲು ಈ ನೆಲದ್ದು. ಇಂದು ಆ ಕಲ್ಲಿನ ನಡುವೆ ಉಳುವವನು ಕನ್ನಡಿಗ.

ಎರಡನೆಯ ದೋಷ ಇನ್ನೂ ದೊಡ್ಡದು. ಅಳುವ ಕಣ್ಣಿಗೆ ಬದುಕಿರುವವರು ಕಾಣುವುದಿಲ್ಲ. ಸನ್ನತಿಯನ್ನೇ ನೋಡಿ. ಅಲ್ಲಿಯ ಕಾಳಿಯ ಗುಡಿಯಲ್ಲಿ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳಿರುವುದು 1989ರಲ್ಲಿ ಬೆಳಕಿಗೆ ಬಂದಿತು. ವಿಗ್ರಹವನ್ನು ನಿಲ್ಲಿಸಲು ಅಕ್ಷರಗಳ ನಡುವೆಯೇ ಕುಳಿ ತೋಡಿದ್ದರು. ನಮ್ಮ ಪ್ರವಾಸಿ ಲೇಖಕ ಇದನ್ನು ಕಂಡರೆ ‘ಅಯ್ಯೋ ಅಜ್ಞಾನವೇ’ ಎಂದು ಮರುಗಿಯಾನು. ಆದರೆ ಆ ಕಲ್ಲನ್ನು ಗುಡಿಯೊಳಗೆ ಇಟ್ಟು ನಮಗೆ ಉಳಿಸಿಕೊಟ್ಟದ್ದು ಲಿಪಿಯನ್ನು ಓದಲಾರದ ಭಕ್ತಿಯೇ ಅಲ್ಲವೆ? ಕುಳಿ ತೋಡಿದ ಕೈಯೂ ಕಾಪಾಡಿದ ಕೈಯೂ ಒಂದೇ. ಈ ತೊಡಕು ಸಾಹಿತ್ಯದ ವಸ್ತು. ಬರಿಯ ಮರುಕದಲ್ಲಿ ಅದು ಹಿಡಿಯುವುದಿಲ್ಲ.

ಭೀಮೆಯ ಆಚೆಗಿನ ಜೇವರ್ಗಿ ಸೀಮೆಗೆ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಬಂದ. ಜನ ಬರಿಯ ಕಲ್ಲುಗುಂಪೆಗಳೆಂದುಕೊಂಡಿದ್ದ ಪ್ರಾಚೀನ ಸಮಾಧಿಗಳನ್ನು ಅಗೆಸಿ, ದೊರೆತ ಎಲುಬು ಮಡಕೆಗಳನ್ನು ವಿವರವಾಗಿ ಬರೆದಿಟ್ಟ. ಅವನನ್ನು ಹೊಗಳಿ ಮುಗಿಸುವಂತಿಲ್ಲ. ಆಳುವವರ ಕಡೆಯ ಮನುಷ್ಯ, ಕಾದಂಬರಿಗಳಲ್ಲಿ ರಮ್ಯತೆಗೆ ಧಾರಾಳವಾಗಿ ಒಲಿದವನು. ಆದರೂ ಕಲ್ಲಿನ ಮುಂದೆ ಅವನು ಮೊದಲು ಕಣ್ಣು ತೆರೆದ, ಆಮೇಲೆ ಬಾಯಿ ತೆರೆದ. ಆ ಕ್ರಮವನ್ನು ನಾವು ಕಲಿತರೆ ನಷ್ಟವಿಲ್ಲ.

‘ಅಳತೆ ಅಗೆತ ಪುರಾತತ್ತ್ವದವರ ಕೆಲಸ, ಸಾಹಿತಿಗೆ ಭಾವವೇ ಮುಖ್ಯ’ ಎಂದು ಸಹೃದಯರು ಆಕ್ಷೇಪಿಸಬಹುದು. ಇದಕ್ಕೆ ಉತ್ತರ ಮಳಖೇಡದಲ್ಲಿಯೇ ಇದೆ. ನೃಪತುಂಗನ ಆ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಕವಿರಾಜಮಾರ್ಗ’ ರಚಿತವಾಯಿತು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ್ದೆಂದು ಗುರುತಿಸಿದ ಗ್ರಂಥ ಅದು. 972ರಲ್ಲಿ ಮಾಳವದ ಪರಮಾರ ಸೀಯಕ ಆ ನಗರವನ್ನು ಸೂರೆಗೈದ. ಅದೇ ಹೊತ್ತಿಗೆ ಧಾರಾನಗರದಲ್ಲಿ ಧನಪಾಲನೆಂಬ ಕವಿ ತನ್ನ ತಂಗಿಗಾಗಿ ಪ್ರಾಕೃತ ನಿಘಂಟೊಂದನ್ನು ರಚಿಸುತ್ತಿದ್ದ. ಅದು ಮುಗಿದ ಕಾಲವನ್ನು ಹೇಳುವಾಗ, ಮಾಳವದವರು ಮಾನ್ಯಖೇಟವನ್ನು ಕೊಳ್ಳೆ ಹೊಡೆದ ವರ್ಷವೆಂದು ಗುರುತು ಹಾಕಿದ. ಅಷ್ಟೇ. ಒಂದು ರಾಜಧಾನಿ ಉರಿದ ಸಂಗತಿ ಒಬ್ಬ ಹೆಣ್ಣುಮಗಳ ಶಬ್ದಕೋಶಕ್ಕೆ ತಾರೀಖಾಯಿತು. ಕನ್ನಡ ಕಲಿಸುವ ನನಗೆ ಈ ಒಣ ಸಂಗತಿ ಹತ್ತು ಪುಟಗಳ ಗೋಳಿಗಿಂತ ಹೆಚ್ಚು ತಟ್ಟಿದೆ. ಭಾವ ಬೇಡವೆಂದು ನಾನು ಹೇಳುತ್ತಿಲ್ಲ. ವಿವರ ಸರಿಯಾಗಿದ್ದರೆ ಭಾವ ತಾನಾಗಿ ಬರುತ್ತದೆ, ಕರೆದು ಕೂರಿಸಬೇಕಾಗಿಲ್ಲ.

ಎದೆಯೆತ್ತರದ ಆ ಬದು ಅಂಥ ವಿವರ. ಅರಮನೆಯ ನಗರ ಹೇಗೆ ಹೊಲವಾಯಿತೆಂಬುದನ್ನು ಅದು ವರ್ಷಕ್ಕೊಂದು ಪದರದಂತೆ ಬರೆದಿಟ್ಟಿದೆ. ಹದಿನೆಂಟರ ಹುಡುಗ ಅದನ್ನು ಓದಿದ್ದ, ಎಂ.ಎ. ಪಾಸಾದ ನಾನು ಓದಲಿಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’ಯಂಥ ಪುಸ್ತಕವನ್ನು ವಿದ್ಯಾರ್ಥಿಗಳ ಕೈಗೆ ಕೊಡುವ ನಾವು, ಅದರ ಕಣ್ಣನ್ನು ಕಲಿಸದೆ ಅದರ ಹಂಪೆಯನ್ನಷ್ಟೇ ಕಲಿಸಿದೆವು. ಹಂಪೆಯಿಲ್ಲದ ಊರಿನ ಮಕ್ಕಳು ತಮ್ಮ ಊರಿನಲ್ಲಿ ಬರೆಯಲು ಏನೂ ಇಲ್ಲವೆಂದು ನಂಬಿದರು. ಭೀಮಾತೀರದ ಹಾಳುಗಳ ಮೇಲೆ ಕನ್ನಡ ಗದ್ಯ ಬೆಳೆಯದಿದ್ದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಹಿಂದಿರುಗುವಾಗ ಕೇಳಿದೆ: “ಆ ಪ್ರಬಂಧ ಇನ್ನೂ ಇದೆಯೇನಪ್ಪ? ಆಮೇಲೆ ಏನಾದರೂ ಬರೆದೆಯಾ?”

ಅವನು ನಕ್ಕ. “ಎಲ್ಲಿ ಇರ್ತದರೀ ಸರ. ಬರಿಯೋದು ಆವತ್ತೇ ಬಿಟ್ಟೆ. ನಮ್ಮ ಮಾವನ ಹೊಲಕ್ಕ ಗಾಂಭೀರ್ಯ ಸಾಲದಲ್ರೀ.”

ಆ ಮಾತಿನಲ್ಲಿ ಕಹಿಯಿರಲಿಲ್ಲ. ಅದೇ ನನಗೆ ಹೆಚ್ಚು ನೋಯಿಸಿತು. ಆ ಏಳನ್ನು ನಾನು ಇನ್ನು ತಿದ್ದಲಾರೆ. ಆದರೆ ಇನ್ನು ಮುಂದೆ ಕೋಟೆ ನೋಡಲು ಹೊರಡುವ ಬರಹಗಾರರಲ್ಲಿ ಒಂದು ಬಿನ್ನಹ. ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುವ ಮೊದಲು, ಒಳಗಿನ ಹೊಲ ಯಾರದು, ಈ ವರ್ಷ ಬೆಳೆ ಹೇಗಿದೆಯೆಂದು ಒಮ್ಮೆ ವಿಚಾರಿಸಿ. ಬರವಣಿಗೆಯನ್ನು ಅಲ್ಲಿಂದ ಆರಂಭಿಸಬಹುದು.