ಬಿಟ್ಟುಬಿಡುವುದು, ಬಿಟ್ಟುಕೊಡುವುದು

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಹಾಡು ನಾಲ್ಕು ತಿಂಗಳಿಂದ ಅರ್ಧಕ್ಕೆ ನಿಂತಿದೆ. ಗಿಟಾರ್ ನನ್ನದು, ಡ್ರಮ್ಸ್ ಪುಣೆಯಲ್ಲಿರುವ ಗೆಳೆಯನದು, ಹಾಡಬೇಕಾದ ಗೆಳತಿ ಈಗ ಜರ್ಮನಿಯಲ್ಲಿದ್ದಾಳೆ. ಕಾಲೇಜಿನ ದಿನಗಳಲ್ಲಿ ಒಂದೇ ಕೋಣೆಯಲ್ಲಿ ಕೂತು ನುಡಿಸುತ್ತಿದ್ದ ನಾವು ಈಗ ಫೈಲುಗಳ ಮೂಲಕ ಮಾತ್ರ ಬ್ಯಾಂಡ್ ಆಗಿ ಉಳಿದಿದ್ದೇವೆ. ಪಿಎಚ್.ಡಿ. ಅಧ್ಯಾಯ ಬರೆಯಬೇಕಾದ ರಾತ್ರಿಗಳಲ್ಲಿ ಆ ಫೈಲನ್ನು ತೆರೆಯುತ್ತೇನೆ, ಕೇಳುತ್ತೇನೆ, ಮುಚ್ಚುತ್ತೇನೆ. ಇಂಥ ಒಂದು ರಾತ್ರಿ ‘ದಿ ಪೋಸ್ಟಲ್ ಸರ್ವಿಸ್’ ಬ್ಯಾಂಡಿನ ‘ಗಿವ್ ಅಪ್’ ಆಲ್ಬಮ್ಮನ್ನು ಮತ್ತೆ ಕೇಳಿದೆ.

2003ರಲ್ಲಿ ಸಬ್ ಪಾಪ್ ಸಂಸ್ಥೆ ಹೊರತಂದ ಆಲ್ಬಂ ಇದು. ‘ಡೆತ್ ಕ್ಯಾಬ್ ಫಾರ್ ಕ್ಯೂಟಿ’ ಬ್ಯಾಂಡಿನ ಗಾಯಕ, ಗಿಟಾರ್ ವಾದಕ ಬೆನ್ ಗಿಬ್ಬರ್ಡ್ ಇದ್ದದ್ದು ಸಿಯಾಟಲ್‌ನಲ್ಲಿ. ‘ಡಿಂಟೆಲ್’ ಎಂಬ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದ ಜಿಮ್ಮಿ ಟ್ಯಾಂಬೊರೆಲ್ಲೊ ಇದ್ದದ್ದು ಲಾಸ್ ಏಂಜಲೀಸ್‌ನಲ್ಲಿ. ನಡುವೆ 1,500 ಕಿಲೋಮೀಟರಿಗೂ ಹೆಚ್ಚು ದೂರ. ಜಿಮ್ಮಿ ತನ್ನ ಲಯವಿನ್ಯಾಸಗಳನ್ನು ಅಂಚೆಯಲ್ಲಿ ಕಳಿಸುವುದು, ಬೆನ್ ಅವುಗಳನ್ನು ಕತ್ತರಿಸಿ, ಜೋಡಿಸಿ, ದನಿ ಮತ್ತು ವಾದ್ಯ ಸೇರಿಸಿ ವಾಪಸ್ ಕಳಿಸುವುದು. ಬ್ಯಾಂಡಿನ ಹೆಸರು ಬಂದದ್ದೂ ಹಾಗೆಯೇ. ಆ ಹೆಸರಿಗೆ ಅಮೆರಿಕದ ಅಂಚೆ ಇಲಾಖೆ ಆಕ್ಷೇಪ ಎತ್ತಿ, ಕೊನೆಗೆ ರಾಜಿಯಾಗಿ, 2004ರಲ್ಲಿ ಇಲಾಖೆಯ ಸಮಾವೇಶದಲ್ಲೇ ಇವರು ಹಾಡಿದ್ದೂ ಉಂಟು.

ಈ ಆಲ್ಬಮ್ಮಿನ ಬಗ್ಗೆ ಮಾತು ಬಂದಾಗಲೆಲ್ಲ ‘ದೂರವನ್ನು ಗೆದ್ದ ಸಂಗೀತ’ ಎಂಬ ದಂತಕಥೆ ಮುಂದೆ ಬರುತ್ತದೆ. ನನಗೆ ಇದರಲ್ಲಿ ಅನುಮಾನವಿದೆ. ಅಂಚೆಗೆ ಮುಂಚೆಯೇ, 2001ರ ಡಿಂಟೆಲ್ ಆಲ್ಬಮ್ಮಿನಲ್ಲಿ ಇವರಿಬ್ಬರೂ ಕೂಡಿ ಒಂದು ಹಾಡು ಮಾಡಿದ್ದರು. ಒಬ್ಬರ ಕಿವಿ ಇನ್ನೊಬ್ಬರಿಗೆ ಗೊತ್ತಿತ್ತು. ಪರಿಚಯವಿದ್ದವರ ನಡುವೆಯೇ ಕಾಗದ ಓಡಾಡುವುದು. ದೂರ ಇವರಿಗೆ ಕೊಟ್ಟದ್ದು ಬೇರೆಯದೇ ಒಂದು ಶಿಸ್ತು.

ಕೋಣೆಯಲ್ಲಿ ಕೂತು ನುಡಿಸುವಾಗ ಕಣ್ಣು ಅರ್ಧ ಕೆಲಸ ಮಾಡುತ್ತದೆ. ನಮ್ಮ ಕಛೇರಿಗಳಲ್ಲಿ ಪಿಟೀಲಿನವರು ಗಾಯಕರ ಮುಖ ನೋಡಿಯೇ ಮುಂದಿನ ಸಂಗತಿ ಊಹಿಸುವುದಿಲ್ಲವೇ? ಅಂತರ್ಜಾಲದ ಮೂಲಕ ಇದು ಕಷ್ಟ. ಸದ್ದು ಸುಮಾರು 30 ಮಿಲಿಸೆಕೆಂಡಿಗಿಂತ ತಡವಾಗಿ ತಲುಪಿದರೆ ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಾರೆ, ಲಯ ಎಳೆಯತೊಡಗುತ್ತದೆ. ಹಾಗಾಗಿ ನಮ್ಮಂಥವರು ಒಂದು ವೇಗ ಗೊತ್ತುಮಾಡಿಕೊಂಡು, ಕಿವಿಯಲ್ಲಿ ಕ್ಲಿಕ್ ಇಟ್ಟುಕೊಂಡು, ಒಬ್ಬೊಬ್ಬರೇ ನುಡಿಸಿ ಕಳಿಸುತ್ತೇವೆ. ಕಳಿಸಿದ ಮೇಲೆ ಅದರ ಪರವಾಗಿ ವಾದಿಸಲು ನಾವು ಅಲ್ಲಿರುವುದಿಲ್ಲ. ಅತ್ತಲಿನವರು ಅರ್ಧ ಅಳಿಸಬಹುದು, ಪಕ್ಕಕ್ಕೆ ಸರಿಸಬಹುದು.

‘ಗಿವ್ ಅಪ್’ ಎಂಬುದನ್ನು ಕನ್ನಡದಲ್ಲಿ ಎರಡು ರೀತಿ ಹೇಳಬಹುದು: ಬಿಟ್ಟುಬಿಡು, ಬಿಟ್ಟುಕೊಡು. ಮೊದಲನೆಯದು ಸೋತು ಕೈಚೆಲ್ಲುವುದು, ಎರಡನೆಯದು ಇನ್ನೊಬ್ಬರಿಗೆ ಜಾಗ ಮಾಡುವುದು. ಈ ಆಲ್ಬಂ ಚೆನ್ನಾಗಿರುವ ಕಡೆಯಲ್ಲೆಲ್ಲ ಎರಡನೆಯದು ನಡೆದಿದೆ. ಗಿಟಾರ್ ಬ್ಯಾಂಡ್ ನಡೆಸುತ್ತಿದ್ದವನು ಇಲ್ಲಿ ಗಿಟಾರನ್ನು ಬಹುಪಾಲು ಹಿಂದಕ್ಕೆ ಸರಿಸಿ, ಯಂತ್ರದ ಸಣ್ಣ ಸದ್ದುಗಳ ನಡುವೆ ದನಿಗೆ ದಾರಿ ಹುಡುಕುತ್ತಾನೆ. ‘ನಥಿಂಗ್ ಬೆಟರ್’ ಹಾಡನ್ನೇ ನೋಡಿ. ಬೇರೆಯಾಗುತ್ತಿರುವ ಜೋಡಿಯಲ್ಲಿ ಗಂಡು ತನ್ನ ಅಳಲು ತೋಡಿಕೊಳ್ಳುತ್ತಾನೆ. ಎಷ್ಟೋ ವಿರಹಗೀತೆಗಳು ಅಲ್ಲಿಗೆ ಮುಗಿಯುತ್ತವೆ. ಇಲ್ಲಿ ಜೆನ್ನಿ ಲೂಯಿಸ್ ದನಿಯಲ್ಲಿ ಹೆಣ್ಣು ಬಂದು, ನೀನು ಹೇಳುತ್ತಿರುವುದು ಸರಿಯಿಲ್ಲ ಎಂದು ಅವನ ಕಥೆಯನ್ನೇ ತಿದ್ದುತ್ತಾಳೆ. ಈ ಹಾಡಿನ ರಚನೆಯೇ ಆಲ್ಬಂ ತಯಾರಾದ ಕ್ರಮವನ್ನು ಹೋಲುತ್ತದೆ: ಉತ್ತರ ಬಂದಾಗ ಮೊದಲ ಮಾತು ಮೊದಲಿನಂತೆ ಉಳಿಯುವುದಿಲ್ಲ.

ಹಾಗೆಂದು ಈ ಕ್ರಮಕ್ಕೆ ಮಿತಿಯಿಲ್ಲವೆಂದಲ್ಲ. ದನಿ ಭಾವಕ್ಕೆ ತಕ್ಕಂತೆ ತಡೆದು ನಿಂತರೂ ಲಯ ಅದಕ್ಕಾಗಿ ಕಾಯುವುದಿಲ್ಲ. ಕೆಲವು ಹಾಡುಗಳಲ್ಲಿ ಓಡುವ ರೈಲಿನಲ್ಲಿ ಕೂತು ಯಾರೋ ಪತ್ರ ಓದಿದಂತೆ ಕೇಳುತ್ತದೆ. ಇನ್ನೂ ದೊಡ್ಡ ಮಿತಿ, ಎರಡನೇ ಆಲ್ಬಂ ಬರಲೇ ಇಲ್ಲ. 2013ರಲ್ಲಿ ಹತ್ತು ವರ್ಷದ ನೆನಪಿಗೆ ಹೊಸ ಆವೃತ್ತಿ, ಸಂಗೀತ ಪ್ರವಾಸ ಎಲ್ಲ ನಡೆದವು. ಹೊಸ ಆಲ್ಬಂ ಮಾತ್ರ ಇಲ್ಲ. ಒಂದೇ ಊರಿನ ಬ್ಯಾಂಡ್ ಜಗಳವಾಡಿ ಒಡೆಯುತ್ತದೆ. ದೂರದ ಬ್ಯಾಂಡಿಗೆ ಜಗಳವೂ ಬೇಕಿಲ್ಲ, ಮುಂದಿನ ಕಾಗದ ಬಾರದಿದ್ದರೆ ಸಾಕು. ಎಲ್ಲರಿಗೂ ಅವರವರ ಕೆಲಸವಿರುತ್ತದೆ, ಯಾರದೂ ತಪ್ಪಲ್ಲ.

ನಾಲ್ಕು ತಿಂಗಳಿಂದ ನಾನು ಗೆಳತಿಯ ಮೌನಕ್ಕೆ ಕಾರಣಗಳನ್ನು ಕಟ್ಟುತ್ತಿದ್ದೆ: ಕೆಲಸ, ಚಳಿ, ಬೇಜಾರು. ಅಂದು ರಾತ್ರಿ ‘ಗಿವ್ ಅಪ್’ ಮುಗಿದ ಮೇಲೆ ನಮ್ಮ ಹಾಡನ್ನು ಹಾಕಿ, ಮೊದಲ ಬಾರಿಗೆ ಹಾಡಬೇಕಾದವಳ ಕಿವಿಯಿಂದ ಕೇಳಿದೆ. ಮೊದಲ ಸೆಕೆಂಡಿನಿಂದ ಕೊನೆಯವರೆಗೂ ನನ್ನ ಗಿಟಾರ್ ಬಾಯಿ ಮುಚ್ಚಿಯೇ ಇಲ್ಲ. ಅವಳು ಎಲ್ಲಿ ಹಾಡಬೇಕಿತ್ತು?

ನಡುವಿನ ಹದಿನಾರು ಆವರ್ತಗಳಷ್ಟು ಗಿಟಾರನ್ನು ಅಳಿಸಿದೆ. ನಾನೇ ಮೆಚ್ಚಿಕೊಂಡಿದ್ದ ಒಂದು ತಿರುವೂ ಅದರಲ್ಲಿ ಹೋಯಿತು. ಡ್ರಮ್ಸ್ ಒಂದನ್ನೇ ಬಿಟ್ಟು, “ಇಲ್ಲಿ ನಿನಗೆ ಏನು ತೋಚುತ್ತದೋ ಅದು” ಎಂದು ಬರೆದು ಇಬ್ಬರಿಗೂ ಕಳಿಸಿದೆ. ಪುಣೆಯವನು ಮರುದಿನವೇ, “ಈಗ ಉಸಿರಾಡ್ತಿದೆ ಮಾರಾಯ” ಅಂದ. ಇದನ್ನು ಬರೆಯುವ ಹೊತ್ತಿಗೆ ಜರ್ಮನಿಯಿಂದ ಇನ್ನೂ ಏನೂ ಬಂದಿಲ್ಲ.