ಪಹಣಿ ನಮ್ಮದು, ಹೊಲ ಅವರದು

ವಿಡಿಯೋ ಗೇಮ್‌ಗಳಿಗೆ ಎನ್‌ಎಫ್‌ಟಿ ಬೇಕು ಎನ್ನುವವರ ವಾದ ಕೇಳಲು ಸೊಗಸಾಗಿದೆ. ಆಟಗಾರರು ಇಷ್ಟು ವರ್ಷ ಕತ್ತಿ, ಕವಚ, ಕಾರು ಎಂದು ದುಡ್ಡು ಸುರಿದರು. ಅವೆಲ್ಲ ಕಂಪನಿಯ ಸೊತ್ತಾಗಿಯೇ ಉಳಿದವು. ಅವನ್ನೇ ಎನ್‌ಎಫ್‌ಟಿ ಮಾಡಿ ಬ್ಲಾಕ್‌ಚೈನ್‌ನಲ್ಲಿ ದಾಖಲಿಸಿದರೆ ನಿಜವಾಗಿ ಆಟಗಾರನದಾಗುತ್ತವೆ, ಬೇರೆ ಆಟಕ್ಕೆ ಒಯ್ಯಬಹುದು, ಆಡುತ್ತಲೇ ಸಂಪಾದಿಸಲೂಬಹುದು ಎನ್ನುತ್ತಾರೆ. ಈ ಮೂರು ಭರವಸೆಗಳನ್ನು ಲೆಕ್ಕಪತ್ರದವನ ಕಣ್ಣಿನಿಂದ ಒಂದೊಂದಾಗಿ ನೋಡೋಣ.

ಮೊದಲನೆಯದು ಒಡೆತನ. ನಮ್ಮ ವೃತ್ತಿಯಲ್ಲಿ ಯಾವುದನ್ನಾದರೂ ಆಸ್ತಿ ಎಂದು ಬ್ಯಾಲೆನ್ಸ್ ಶೀಟಿಗೆ ಏರಿಸಬೇಕಾದರೆ ಬಿಲ್ ಇದ್ದರೆ ಸಾಲದು. ಅದರ ಮೇಲೆ ನಮ್ಮ ಹಿಡಿತವಿರಬೇಕು, ಅದರಿಂದ ಮುಂದೆ ಪ್ರಯೋಜನ ಸಿಗುವಂತಿರಬೇಕು. ಎನ್‌ಎಫ್‌ಟಿ ಎಂದರೆ ದಾಖಲೆ ಪುಸ್ತಕದ ಒಂದು ಸಾಲು: ಇಂಥ ಟೋಕನ್ ಇಂಥ ವ್ಯಾಲೆಟ್‌ನದು ಎಂದು. ಆದರೆ ಗೇಮಿನ ಕಾರು ಓಡುವುದು ಆ ಸಾಲಿನಲ್ಲಲ್ಲ, ಕಂಪನಿಯ ಸರ್ವರ್‌ನಲ್ಲಿ. 'ಎಫ್1 ಡೆಲ್ಟಾ ಟೈಮ್' ಎಂಬ ಆಟದ ಮೊದಲ ಕಾರು 2019ರ ಮೇ ತಿಂಗಳಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಫಾರ್ಮುಲಾ ಒನ್ ಲೈಸೆನ್ಸ್ ಮುಂದುವರಿಯಲಿಲ್ಲ. 2022ರ ಮಾರ್ಚ್ 16ರಂದು ಆಟ ಮುಚ್ಚಿತು. ಟೋಕನ್ ಅಳಿಯಲಿಲ್ಲ, ಟ್ರ್ಯಾಕೇ ಇಲ್ಲವಾಯಿತು. ಕಂಪನಿ ತನ್ನ ಬೇರೆ ಆಟಗಳ ವಸ್ತುಗಳನ್ನು ಬದಲಿಗೆ ಕೊಟ್ಟಿತು, ನಿಜ. ಆದರೆ ಏನು ಕೊಡಬೇಕೆಂದು ತೀರ್ಮಾನಿಸಿದ್ದು ಕಂಪನಿಯೇ. ಪಹಣಿಯಲ್ಲಿ ನಮ್ಮ ಹೆಸರು, ಹೊಲ ಇನ್ನೊಬ್ಬರ ಬೇಲಿಯೊಳಗೆ. ನೀರು ಬಿಡುವವರೂ ಅವರೇ, ಮುಳುಗಿಸುವವರೂ ಅವರೇ.

ಎರಡನೆಯದು ಬೇರೆ ಆಟಕ್ಕೆ ಒಯ್ಯುವ ಮಾತು. ಒಂದು ಕತ್ತಿಯ ಆಕಾರ, ತೂಕ, ಏಟಿನ ಬಲ ಎಲ್ಲವೂ ಆಯಾ ಆಟದ ಕೋಡ್‌ನಲ್ಲಿರುತ್ತವೆ. ಇನ್ನೊಂದು ಆಟಕ್ಕೆ ಅದು ಬರಬೇಕಾದರೆ ಅಲ್ಲಿನವರು ಮತ್ತೆ ಚಿತ್ರ ಬಿಡಿಸಿ, ಕೋಡ್ ಬರೆದು, ಆಟದ ಸಮತೋಲ ಕೆಡದಂತೆ ಪರೀಕ್ಷಿಸಬೇಕು. ಪ್ರತಿಸ್ಪರ್ಧಿ ಮಾರಿ ಲಾಭ ಮಾಡಿಕೊಂಡ ಸರಕಿಗೆ ಇವರೇಕೆ ಖರ್ಚು ಮಾಡಿಯಾರು? ಕೊಳ್ಳುವ-ಮಾರುವ ಸೌಕರ್ಯವಷ್ಟೇ ಬೇಕೆಂದರೆ, ಸ್ಟೀಮ್ ಮಾರುಕಟ್ಟೆಯಲ್ಲಿ ಕೌಂಟರ್-ಸ್ಟ್ರೈಕ್‌ನ ಬಂದೂಕು ಸ್ಕಿನ್‌ಗಳ ವ್ಯಾಪಾರ 2013ರಿಂದಲೂ ನಡೆದಿದೆ, ಬ್ಲಾಕ್‌ಚೈನ್ ಇಲ್ಲದೆಯೇ. ಕಂಪನಿಗೆ ಮನಸ್ಸಿದ್ದರೆ ಸಾಮಾನ್ಯ ಡೇಟಾಬೇಸ್ ಸಾಕು. ಮನಸ್ಸಿಲ್ಲದಿದ್ದರೆ ಯಾವ ಬ್ಲಾಕ್‌ಚೈನ್ ಕೂಡ ಒತ್ತಾಯಿಸಲಾರದು.

ಮೂರನೆಯದು ಸಂಪಾದನೆ. ಇದೇ ಹೆಚ್ಚು ಜನರನ್ನು ಸುಟ್ಟದ್ದು. ವಿಯೆಟ್ನಾಂನ ಸ್ಕೈ ಮೇವಿಸ್ ಕಂಪನಿಯ 'ಆಕ್ಸಿ ಇನ್ಫಿನಿಟಿ' 2021ರಲ್ಲಿ, ಕೋವಿಡ್‌ನಿಂದ ಕೆಲಸ ಹೋಗಿದ್ದ ಫಿಲಿಪೀನ್ಸ್‌ನಲ್ಲಿ ಮನೆಮಾತಾಯಿತು. ಗಲ್ಫಿನ ಆಫೀಸುಗಳಲ್ಲಿ ಫಿಲಿಪಿನೋ ಸಹೋದ್ಯೋಗಿಗಳ ಪಕ್ಕ ಕೂತು ದುಡಿಯುವ ನಮ್ಮಂಥವರಿಗೆ ಇದು ದೂರದ ಸುದ್ದಿಯಲ್ಲ. ಆಡಬೇಕಾದರೆ ಮೂರು ಆಕ್ಸಿ ಪ್ರಾಣಿಗಳನ್ನು ಕೊಳ್ಳಬೇಕು. ಭರಾಟೆಯ ದಿನಗಳಲ್ಲಿ ಅದಕ್ಕೆ ನೂರಾರು ಡಾಲರ್. ದುಡ್ಡಿಲ್ಲದವರಿಗೆ ದುಡ್ಡಿದ್ದವರು ಪ್ರಾಣಿ ಕೊಟ್ಟು, ಗಳಿಕೆಯಲ್ಲಿ ಪಾಲು ತೆಗೆದುಕೊಂಡರು. ನಮ್ಮೂರ ಕೋರು ಪದ್ಧತಿಯೇ. ಹೆಸರು ಮಾತ್ರ 'ಸ್ಕಾಲರ್‌ಶಿಪ್'.

ಆಡಿಟರ್ ಕೇಳುವುದು ಒಂದೇ ಪ್ರಶ್ನೆ: ಆದಾಯದ ಮೂಲ ಯಾವುದು? ಆಡಿದವರಿಗೆ ಎಸ್‌ಎಲ್‌ಪಿ ಎಂಬ ಟೋಕನ್ ಸಿಗುತ್ತಿತ್ತು. ಅದು ಮುಖ್ಯವಾಗಿ ಖರ್ಚಾಗುತ್ತಿದ್ದುದು ಹೊಸ ಆಕ್ಸಿಗಳ ಮರಿ ಮಾಡಿಸಲು. ಮರಿಗಳನ್ನು ಕೊಳ್ಳಬೇಕಾದವರು ಹೊಸ ಆಟಗಾರರು. ಬರುವವರು ಕಡಿಮೆಯಾದೊಡನೆ ಟೋಕನ್ ಬಾವಿ ತುಂಬಿ ಹರಿಯಿತು. 2021ರ ಜುಲೈನಲ್ಲಿ 30 ಸೆಂಟ್ ದಾಟಿದ್ದ ಎಸ್‌ಎಲ್‌ಪಿ, 2022ರ ಫೆಬ್ರವರಿ ಆರಂಭಕ್ಕೆ 1 ಸೆಂಟ್ ಆಸುಪಾಸಿಗೆ ಇಳಿದಿತ್ತು. ಹೊಸಬರ ಬಂಡವಾಳವನ್ನು ಹಳಬರ ಗಳಿಕೆ ಎಂದು ತೋರಿಸುವ ಚೀಟಿ ವ್ಯವಹಾರಗಳನ್ನು ನೋಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು.

ಅದೇ ಮಾರ್ಚ್‌ನಲ್ಲಿ ಆಕ್ಸಿಯ ರೋನಿನ್ ಜಾಲಕ್ಕೆ ಕನ್ನ ಬಿತ್ತು. 9 ಕೀಲಿಗಳಲ್ಲಿ 5 ಕಳ್ಳರ ಕೈಸೇರಿ 1,73,600 ಈಥರ್, 2.55 ಕೋಟಿ ಯುಎಸ್‌ಡಿಸಿ ಮಾಯ. ಉತ್ತರ ಕೊರಿಯಾದ ಲಾಜರಸ್ ಗುಂಪಿನ ಕೈವಾಡವೆಂದು ಎಫ್‌ಬಿಐ ಹೇಳಿತು. ಕಳುವಾದದ್ದು 23ಕ್ಕೆ, ಕಂಪನಿಗೆ ಗೊತ್ತಾದದ್ದು 29ಕ್ಕೆ, ಅದೂ ಬಳಕೆದಾರರೊಬ್ಬರು ಹಣ ತೆಗೆಯಲಾಗುತ್ತಿಲ್ಲ ಎಂದ ಮೇಲೆ. ನಮ್ಮ ಕಿರಾಣಿ ಅಂಗಡಿಯವನೂ ರಾತ್ರಿ ಬಾಗಿಲೆಳೆಯುವ ಮೊದಲು ಗಲ್ಲಾ ಎಣಿಸುತ್ತಾನೆ. ಬಳಿಕ ಕಂಪನಿ ಹೂಡಿಕೆದಾರರಿಂದ ಹಣ ತಂದು ನಷ್ಟ ತುಂಬಿಕೊಟ್ಟಿತು. ಮೆಚ್ಚಬೇಕಾದದ್ದೇ. ಆದರೆ ಯಾರನ್ನೂ ನಂಬಬೇಕಿಲ್ಲ ಎಂದು ಹೊರಟ ವ್ಯವಸ್ಥೆ ಕೊನೆಗೆ ನಿಂತದ್ದು ಒಂದು ಕಂಪನಿಯ ನಂಬಿಕೆಯ ಮೇಲೆಯೇ.

ಆಟವನ್ನು ಪ್ರೀತಿಸುವವರು ಇದನ್ನು ಬೇಗ ಗುರುತಿಸಿದರು. ಯೂಬಿಸಾಫ್ಟ್ 2021ರ ಡಿಸೆಂಬರ್‌ನಲ್ಲಿ ಎನ್‌ಎಫ್‌ಟಿ ತಂದಾಗ ಒಂದು ಹೆಲ್ಮೆಟ್ ಪಡೆಯಲು 600 ಗಂಟೆ ಆಡಿರಬೇಕೆಂಬ ಷರತ್ತಿತ್ತು. ಅದು ಆಟವೋ, ಹಾಜರಿ ಪುಸ್ತಕವೋ? ನಾಲ್ಕೇ ತಿಂಗಳಲ್ಲಿ ಆ ಗೇಮಿಗೆ ಹೊಸದೇನೂ ಬರುವುದಿಲ್ಲವೆಂದು ಕಂಪನಿ ಹೇಳಿತು. ಸ್ಟೀಮ್ 2021ರಲ್ಲಿ, ಮೈನ್‌ಕ್ರಾಫ್ಟ್ 2022ರಲ್ಲಿ ಬಾಗಿಲು ಹಾಕಿದವು.

ಇನ್ನು ಊರಿನಿಂದ ಬಂಧುಗಳು ಫೋನ್ ಮಾಡಿ ಸಲಹೆ ಕೇಳಿದರೆ ನಾನು ಹೇಳುವುದು ಇಷ್ಟು: ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಇಂಥ ಡಿಜಿಟಲ್ ಆಸ್ತಿಯ ಲಾಭಕ್ಕೆ ಶೇ. 30 ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಗೆದ್ದರೆ ಸರ್ಕಾರ ಪಾಲುದಾರ, ಸೋತರೆ ನೀವೊಬ್ಬರೇ.

ಆಟಗಾರರ ಮೂಲ ದೂರು ಮಾತ್ರ ಸುಳ್ಳಲ್ಲ. ದುಡ್ಡು ಕೊಟ್ಟು ಕೊಂಡದ್ದು ಕಂಪನಿಯ ಮರ್ಜಿಗೆ ಬಿಟ್ಟು ಹೋಗಬಾರದು. ಆದರೆ ಅದಕ್ಕೆ ಮದ್ದು ಟೋಕನ್ ಅಲ್ಲ, ಕಾನೂನು. ಕೊಟ್ಟದ್ದು ಬರೀ ಲೈಸೆನ್ಸ್ ಆಗಿದ್ದರೆ, ಅದನ್ನು ಸ್ಪಷ್ಟವಾಗಿ ತಿಳಿಸದೆ 'ಖರೀದಿ' ಎಂಬ ಪದ ಬಳಸಬಾರದೆಂದು ಕ್ಯಾಲಿಫೋರ್ನಿಯಾ 2025ರಿಂದ ಕಾನೂನು ಜಾರಿಗೆ ತಂದಿದೆ. ಸಣ್ಣ ಹೆಜ್ಜೆ. ಆದರೂ, ಹೊಲ ಯಾರದೆಂದು ನಿಜ ಹೇಳುವ ಒಂದು ಸಾಲು, ಯಾರೂ ತಿದ್ದಲಾಗದ ಸಾವಿರ ಪಹಣಿಗಳಿಗಿಂತ ಮೇಲು.