ವೇಷ ಮತ್ತು ವೇಷಧಾರಿ: ವಸಾಹತು ಸೇನಾ ವೈದ್ಯನ ವಿಧ್ಯುಕ್ತ ಸಮವಸ್ತ್ರದ ಒಂದು ಜಾನಪದೀಯ ಓದು

ವಸಾಹತುಶಾಹಿ ವೈದ್ಯವ್ಯವಸ್ಥೆಯನ್ನು ಕುರಿತ ಬರಹಗಳಲ್ಲಿ ಸೇನಾ ವೈದ್ಯಾಧಿಕಾರಿಯ ಸಮವಸ್ತ್ರವನ್ನು ಅಧಿಕಾರದ ಸಂಕೇತವೆಂದು ಓದುವ ಕ್ರಮ ರೂಢವಾಗಿದೆ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿರುವ ಜರಿಯಂಚಿನ ಅಂಗಿಯನ್ನು ವಿವರಿಸಿ, ಅಲ್ಲಿಂದ ನೇರವಾಗಿ ಜನರ ಭಯಕ್ಕೆ ಜಿಗಿಯಲಾಗುತ್ತದೆ. ಈ ಜಿಗಿತ ಎಷ್ಟು ಸಮರ್ಪಕವೆಂಬುದನ್ನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪರಿಸರಕ್ಕೆ ಪರಿಚಿತವಾದ ದೊಡ್ಡಾಟದ ವೇಷಕಲ್ಪನೆಯ ನೆರವಿನಿಂದ, 1897–98ರ ಪ್ಲೇಗಿನ ಸಂದರ್ಭದಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

ಮೊದಲಿಗೆ ಆ ಉಡುಪು ಏನನ್ನು ಹೇಳುತ್ತದೆಂಬುದನ್ನು ಗಮನಿಸಬೇಕು. ವಿಕ್ಟೋರಿಯಾ ಕಾಲದ ಬ್ರಿಟಿಷ್ ಸೇನೆಯಲ್ಲಿ ವೈದ್ಯಾಧಿಕಾರಿಯ ವಿಧ್ಯುಕ್ತ ಉಡುಪಿನ ಗುರುತು ಕಪ್ಪು ಮಖಮಲ್ಲಿನ ಕೊರಳಪಟ್ಟಿ ಮತ್ತು ತೋಳಂಚು. ಯುದ್ಧಾಧಿಕಾರಿಗಳು ಧರಿಸುತ್ತಿದ್ದ ಕಡುಗೆಂಪು ರೇಷ್ಮೆಯ ನಡುಪಟ್ಟಿ ಅವನಿಗೆ ಬಹುಕಾಲ ಇರಲಿಲ್ಲ. ಪದನಾಮದಲ್ಲಿಯೂ ಇದೇ ತಾರತಮ್ಯ. 1891ರಲ್ಲಿ ‘ಸರ್ಜನ್-ಕ್ಯಾಪ್ಟನ್’ ಮಾದರಿಯ ಜೋಡುಪದವಿಗಳು ಬಂದವು. 1898ರಲ್ಲಿ ರಾಯಲ್ ಆರ್ಮಿ ಮೆಡಿಕಲ್ ಕೋರ್ ರಚನೆಯಾದಾಗಲೇ ಬ್ರಿಟಿಷ್ ಸೇನೆಯ ವೈದ್ಯರಿಗೆ ಇತರ ಅಧಿಕಾರಿಗಳಂತೆ ಸೈನಿಕ ಪದವಿ ದೊರೆತದ್ದು. ಅಂದರೆ ಈ ಉಡುಪು ಮುಖ್ಯವಾಗಿ ನುಡಿಯುವುದು ಸೇನೆಯೊಳಗಿನ ಮೇಲುಕೀಳನ್ನು. ಅದನ್ನು ಓದಬಲ್ಲವರು ದರ್ಬಾರು, ಕವಾಯತುಗಳಲ್ಲಿ ನೆರೆದ ಸಹೋದ್ಯೋಗಿಗಳೇ ಹೊರತು ಹಳ್ಳಿಗರಲ್ಲ. ಧರಿಸಿದವನು ಬಿಳಿಯನೇ ಎಂಬ ಗ್ರಹಿಕೆಯೂ ಪೂರ್ಣವಲ್ಲ; ಬಂಗಾಳದ ಸೂರ್ಯಕುಮಾರ ಚಕ್ರವರ್ತಿಯವರು ಸ್ಪರ್ಧಾತ್ಮಕ ಪರೀಕ್ಷೆಯ ಮೂಲಕ ಕಂಪನಿಯ ವೈದ್ಯಕೀಯ ಸೇವೆಯನ್ನು 1855ರಲ್ಲಿಯೇ ಪ್ರವೇಶಿಸಿದ್ದರು.

ಇಲ್ಲಿ ದೊಡ್ಡಾಟದ ವೇಷಕಲ್ಪನೆ ನೆರವಿಗೆ ಬರುತ್ತದೆ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿಗಳು ಪಾತ್ರದ ಅಂತಸ್ತನ್ನು ಸೂಚಿಸುತ್ತವೆ. ಸೇನಾಧಿಕಾರಿಯ ಹೆಗಲ ಮೇಲಿನ ಜರಿಯ ಪಟ್ಟಿಯೂ ಒಂದು ಬಗೆಯ ಭುಜಕೀರ್ತಿಯೇ. ಆದರೆ ದೊಡ್ಡಾಟವು ವೇಷವೊಂದನ್ನೇ ನೆಚ್ಚುವುದಿಲ್ಲ. ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ಎದುರುಗೊಂಡು, ತಾವು ಯಾರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರವು ತನ್ನ ಹೆಸರು, ಸ್ಥಾನ, ಉದ್ದೇಶಗಳನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಆಟ ಮುಂದುವರಿಯುತ್ತದೆ. ಗಾಜಿನ ಪೆಟ್ಟಿಗೆಯ ಸಮವಸ್ತ್ರಕ್ಕೆ ಇಂಥ ಸಾರಥಿಯಿಲ್ಲ. ಆ ಪ್ರಶ್ನೆಯನ್ನು ವಿಮರ್ಶಕನೇ ಕೇಳಬೇಕಾಗುತ್ತದೆ.

‘ಬಂದ ಕಾರಣವೇನು’ ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. 1997ರಲ್ಲಿ ಹಾವೇರಿ ಜಿಲ್ಲೆಯಾಗುವ ಮುನ್ನ ಈ ಮೂರೂ ಊರುಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಹುಬ್ಬಳ್ಳಿ–ಹರಿಹರ ರೈಲುದಾರಿ ಇವುಗಳ ಮೂಲಕವೇ ಹಾಯುತ್ತದೆ. 1897ರ ಫೆಬ್ರವರಿಯ ಸಾಂಕ್ರಾಮಿಕ ರೋಗಗಳ ಕಾಯಿದೆಯು ರೈಲು ಪ್ರಯಾಣಿಕರ ತಪಾಸಣೆಗೆ, ಶಂಕಿತರನ್ನು ಬೇರ್ಪಡಿಸಿ ಇರಿಸುವುದಕ್ಕೆ ಸರಕಾರಕ್ಕೆ ಅಧಿಕಾರ ನೀಡಿತು. ಇಂಥ ಕೆಲಸಕ್ಕೆ ದರ್ಬಾರಿನ ಪೋಷಾಕು ಬೇಕಿರಲಿಲ್ಲ. ಜನ ಅಂಜಿದ್ದು ಮೈಮುಟ್ಟುವ ತಪಾಸಣೆಗೆ, ಮನೆಮಂದಿಯಿಂದ ಅಗಲಿಸುವ ಆಸ್ಪತ್ರೆಗೆ, ಶವಪರೀಕ್ಷೆಗೆ. 1897ರ ಜೂನ್ 22ರಂದು ಪುಣೆಯಲ್ಲಿ ರಾಣಿಯ ವಜ್ರಮಹೋತ್ಸವದ ಸಮಾರಂಭದಿಂದ ಮರಳುವಾಗ ಗುಂಡಿಗೆ ಗುರಿಯಾದ ಪ್ಲೇಗ್ ಅಧಿಕಾರಿ ರ‍್ಯಾಂಡ್ ವೈದ್ಯನೂ ಅಲ್ಲ, ಸೈನಿಕನೂ ಅಲ್ಲ, ಸಿವಿಲ್ ಸೇವೆಯವನು. ಕ್ರೋಧದ ಗುರಿ ಉಡುಪಲ್ಲ, ಕೃತ್ಯ.

ಇದಕ್ಕೆ ಪ್ರತಿಯಾಗಿ, 1898ರಲ್ಲಿ ಹುಬ್ಬಳ್ಳಿಯಲ್ಲಿ ಸರ್ಜನ್-ಕ್ಯಾಪ್ಟನ್ ಲ್ಯೂಮನ್ ನಡೆಸಿದ ಹಾಫ್ಕಿನ್ ಲಸಿಕೆಯ ಅಭಿಯಾನದಲ್ಲಿ 30,000ಕ್ಕೂ ಹೆಚ್ಚು ಜನ ಚುಚ್ಚುಮದ್ದು ಪಡೆದರು. ಇವನೂ ಅದೇ ಸೈನಿಕ ಪದವಿಯ ವೈದ್ಯ. ಅವರೆಲ್ಲ ಮನಸಾರೆ ಬಂದರೆನ್ನುವಂತಿಲ್ಲ. ಪ್ಲೇಗಿನ ಭೀತಿ, ಆಡಳಿತದ ಒತ್ತಡ ಎರಡೂ ಇದ್ದವು. ಆದರೂ ಸಮವಸ್ತ್ರದ ಭಯವೊಂದರಿಂದಲೇ ಇಂಥ ಸಂಖ್ಯೆಯನ್ನು ವಿವರಿಸಲಾಗದು. ಜನಪದವು ತನ್ನ ನೆನಪಿಗೆ ಆರಿಸಿಕೊಂಡದ್ದೂ ಬೇರೆಯೇ. ಬೆಂಗಳೂರಿನಲ್ಲಿ ಗುಡಿ ಕಟ್ಟಿಸಿಕೊಂಡವಳು ಪ್ಲೇಗ್ ಮಾರಮ್ಮ. ಹೆಸರು ಉಳಿದದ್ದು ರೋಗದ್ದು, ವೈದ್ಯನದ್ದಲ್ಲ.

ಈ ವಿವೇಚನೆ ವಸಾಹತು ಅಧಿಕಾರದ ಕ್ರೌರ್ಯವನ್ನು ತೆಳುಗೊಳಿಸುವುದಿಲ್ಲ. ಅದನ್ನು ಸರಿಯಾದ ಜಾಗದಲ್ಲಿ ಗುರುತಿಸುತ್ತದೆ. ಉಡುಪನ್ನೇ ದಮನದ ಮೂಲವೆಂದು ಬಗೆದಾಗ ಎರಡು ಅನ್ಯಾಯಗಳಾಗುತ್ತವೆ. ಒಂದು, ಕಾಯಿದೆ ಮತ್ತು ಅದನ್ನು ಜಾರಿಗೊಳಿಸಿದವರು ವಿಮರ್ಶೆಯಿಂದ ತಪ್ಪಿಸಿಕೊಳ್ಳುತ್ತಾರೆ. ಇನ್ನೊಂದು, ನಮ್ಮ ಹಳ್ಳಿಗರು ಬಟ್ಟೆಗೆ ಬೆದರಿದ ಮುಗ್ಧರಾಗಿ ಚಿತ್ರಿತರಾಗುತ್ತಾರೆ. ‘ಮೂಢ ಜನ’ ಎಂಬ ವಸಾಹತುಶಾಹಿಯ ಗ್ರಹಿಕೆಯೂ ಇದೇ ಆಗಿತ್ತು. ವೇಷವನ್ನೂ ವೇಷಧಾರಿಯನ್ನೂ ಬೇರ್ಪಡಿಸಿ ನೋಡುವ ವಿವೇಕ ದೊಡ್ಡಾಟ ಕಂಡ ಜನರಿಗೆ ಹೊಸದಲ್ಲ. ಆ ವಿವೇಕವನ್ನು ಸಂಶೋಧನೆಯ ವಿಧಾನವಾಗಿ ಸ್ವೀಕರಿಸುವ ಹೊಣೆ ಅಧ್ಯಯನಕಾರರದ್ದು.